ಬಚ್ಚಲನ್ನೂ ಹೊತ್ತು ಸಾಗುವ ಮನೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಕ್ರೈಸ್ಟ್‌ಚರ್ಚ್ ನಗರದಲ್ಲಿ ವಿಮಾನದಿಂದ ಇಳಿಯುವ ಪ್ರವಾಸಿಗರಲ್ಲಿ ಅನೇಕರು ವಸತಿಗೃಹವನ್ನು ಅರಸುವುದಿಲ್ಲ. ಕ್ಯಾಂಪರ್‌ವ್ಯಾನ್ ಎಂಬ ವಾಹನವೊಂದನ್ನು ಬಾಡಿಗೆಗೆ ಪಡೆದು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ರೆ ಎಂದು ನಿರ್ಧರಿಸಿ ಹೊರಟುಬಿಡುತ್ತಾರೆ. ಹೊರಗಿನಿಂದ ಎತ್ತರದ ವ್ಯಾನಿನಂತೆ ಕಾಣುವ ಈ ವಾಹನ ಒಳಗಿನಿಂದ ಒಂದು ಪುಟ್ಟ ಮನೆ.

ಆ ಮನೆಯಲ್ಲಿ ವ್ಯರ್ಥವಾದ ಒಂದು ಗೇಣು ಸ್ಥಳವೂ ಇಲ್ಲ. ಹಗಲು ಊಟದ ಮೇಜು ಮತ್ತು ಬೆಂಚುಗಳಾಗಿದ್ದುದೇ ರಾತ್ರಿ ಹಾಸಿಗೆಯಾಗುತ್ತದೆ. ತಿರುವಿನಲ್ಲಿ ತಟ್ಟೆ ಲೋಟಗಳು ಉರುಳದಂತೆ ಕಪಾಟುಗಳಿಗೆಲ್ಲ ಚಿಲಕಗಳಿವೆ. ಗ್ಯಾಸ್ ಒಲೆ, ಸಣ್ಣ ಫ್ರಿಜ್ ಹಾಗೂ ಪಂಪಿನಿಂದ ನೀರು ಬರುವ ನಲ್ಲಿ ಅಡುಗೆಯ ಮೂಲೆಯಲ್ಲಿರುತ್ತವೆ. ಬ್ಯಾಟರಿಗಳು ಎರಡು: ಒಂದು ಎಂಜಿನಿಗೆ, ಇನ್ನೊಂದು ಮನೆಗೆ. ರಾತ್ರಿಯಿಡೀ ದೀಪ ಉರಿದರೂ ಬೆಳಗ್ಗೆ ವಾಹನ ಚಾಲೂ ಆಗಬೇಕೆಂಬುದೇ ಈ ವಿಭಜನೆಯ ಉದ್ದೇಶ.

ಕುಟುಂಬ ಸಮೇತ ಹೊರಡುವವರು ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲು ಕೆಲವು ಸಂಗತಿಗಳನ್ನು ನೋಡಿಕೊಳ್ಳುತ್ತಾರೆ. ಎಷ್ಟು ಮಂದಿ ಮಲಗಬಹುದು ಎಂಬ ಲೆಕ್ಕ ಬೇರೆ, ಎಷ್ಟು ಮಂದಿ ಸೀಟುಬೆಲ್ಟ್ ಕಟ್ಟಿ ಕುಳಿತುಕೊಳ್ಳಬಹುದು ಎಂಬ ಲೆಕ್ಕ ಬೇರೆ. ಇವೆರಡೂ ಎಲ್ಲ ವಾಹನಗಳಲ್ಲಿ ಒಂದೇ ಆಗಿರುವುದಿಲ್ಲ. ಏಳು ವರ್ಷ ತುಂಬದ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಪ್ರತ್ಯೇಕ ಆಸನ ಅಲ್ಲಿನ ಕಾನೂನಿನಂತೆ ಕಡ್ಡಾಯ. ಡೀಸೆಲ್ ವಾಹನಗಳಿಗೆ ಓಡಿದ ಕಿಲೋಮೀಟರಿಗೆ ತಕ್ಕಂತೆ ರಸ್ತೆ ಶುಲ್ಕವಿರುವುದರಿಂದ, ಬಾಡಿಗೆಯ ಹೊರತಾಗಿ ಅದನ್ನೂ ಲೆಕ್ಕ ಹಾಕಬೇಕಾಗುತ್ತದೆ. ಭಾರತದಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುತ್ತವೆ ಎಂಬುದು ನಮ್ಮವರಿಗೆ ದೊಡ್ಡ ಸಮಾಧಾನ. ನಮ್ಮ ಏಪ್ರಿಲ್-ಮೇ ತಿಂಗಳ ಶಾಲಾ ರಜೆಯ ವೇಳೆಗೆ ಅಲ್ಲಿ ಬೇಸಿಗೆ ಮುಗಿದು, ಎಲೆಗಳು ಹಳದಿಯಾಗುವ ಶರತ್ಕಾಲ ನಡೆಯುತ್ತಿರುತ್ತದೆ.

ಕ್ರೈಸ್ಟ್‌ಚರ್ಚಿನಿಂದ ದಕ್ಷಿಣಕ್ಕೆ ಹೊರಟರೆ ಕುರಿ, ಹಸುಗಳು ಮೇಯುವ ಕ್ಯಾಂಟರ್ಬರಿ ಬಯಲು ಎದುರಾಗುತ್ತದೆ. ಅದರ ನಡುವೆ ಹಲವು ಕವಲುಗಳಾಗಿ ಹೆಣೆದುಕೊಂಡು ಹರಿಯುವ ರಕಾಯಾ ನದಿಯ ಮೇಲಿನ ಸೇತುವೆಯ ಉದ್ದ 1,757 ಮೀಟರ್. ಆ ದೇಶದ ಅತ್ಯಂತ ಉದ್ದದ ರಸ್ತೆ ಸೇತುವೆ ಅದು. ಮುಂದೆ ಬರ್ಕ್ಸ್ ಪಾಸ್ ಎಂಬ ಕಣಿವೆಮಾರ್ಗವನ್ನು ದಾಟಿದೊಡನೆ ನೋಟ ಬದಲಾಗುತ್ತದೆ. ಒಣಹುಲ್ಲಿನ ವಿಶಾಲ ಪ್ರಸ್ಥಭೂಮಿಯ ನಡುವೆ ಟೆಕಾಪೊ ಸರೋವರ ಹಾಲು ಬೆರೆಸಿದ ನೀಲಿಯಂತೆ ಹರಡಿಕೊಂಡಿದೆ. ಹಿಮನದಿಗಳು ಬಂಡೆಗಳನ್ನು ಅರೆದು ಮಾಡಿದ ನುಣ್ಣನೆಯ ಹುಡಿ ನೀರಿನಲ್ಲಿ ತೇಲುತ್ತಿರುವುದೇ ಆ ಬಣ್ಣಕ್ಕೆ ಕಾರಣ. ಈ ಸೀಮೆಯ ರಾತ್ರಿಯ ಆಕಾಶಕ್ಕೂ ರಕ್ಷಣೆಯಿದೆ: 2012ರಿಂದ ಇದು ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಕತ್ತಲ ಆಕಾಶದ ಸಂರಕ್ಷಿತ ಪ್ರದೇಶ.

ಪುಕಾಕಿ ಸರೋವರದ ದಂಡೆಯನ್ನು ಹಿಡಿದು ಸುಮಾರು 55 ಕಿಲೋಮೀಟರ್ ಸಾಗಿದರೆ ಆವೊರಾಕಿ ಪರ್ವತದ ಬುಡ. 3,724 ಮೀಟರ್ ಎತ್ತರದ ಈ ಶಿಖರ ಬಹುಕಾಲ ಮೌಂಟ್ ಕುಕ್ ಎಂದಷ್ಟೇ ನಕ್ಷೆಯಲ್ಲಿತ್ತು. 1998ರ ಕಾಯಿದೆಯ ಮೂಲಕ ಅದಕ್ಕೆ ಮಾವೊರಿ ಭಾಷೆಯ ಹೆಸರು ಮರಳಿ ದೊರೆಯಿತು. ಇಂದು ಅದರ ಅಧಿಕೃತ ಹೆಸರಿನಲ್ಲಿ ‘ಆವೊರಾಕಿ’ಯೇ ಮೊದಲು, ‘ಮೌಂಟ್ ಕುಕ್’ ಅನಂತರ. ಪರ್ವತದ ಬುಡದಲ್ಲಿ ಸರಕಾರದ ಶಿಬಿರಸ್ಥಳವಿದೆ, ಆದರೆ ವಿದ್ಯುತ್ ಸಂಪರ್ಕವಿಲ್ಲ. ಮನೆಗೆಂದೇ ಮೀಸಲಾದ ಬ್ಯಾಟರಿಯ ಬೆಲೆ ತಿಳಿಯುವುದು ಅಂತಹ ಚಳಿಯ ರಾತ್ರಿಯಲ್ಲಿ. ಕಿಯಾ ಎಂಬ ಬೆಟ್ಟದ ಗಿಳಿಗಳು ಆ ಕಡೆ ವಾಹನಗಳ ಮೇಲೇರಿ ಕಿಟಕಿಯ ರಬ್ಬರನ್ನು ಕಿತ್ತು ಆಡುವುದೂ ಉಂಟು.

ಮನ ಬಂದಲ್ಲಿ ನಿಲ್ಲುವ ಈ ಸ್ವಾತಂತ್ರ್ಯವೇ ಕ್ಯಾಂಪರ್‌ವ್ಯಾನಿನ ಆಕರ್ಷಣೆ. ಆದರೆ ಅದಕ್ಕೆ ಆ ದೇಶ ಒಂದು ಕಟ್ಟುಪಾಡನ್ನು ವಿಧಿಸಿದೆ. ಶುಲ್ಕವಿಲ್ಲದೆ ಬಯಲಿನಲ್ಲಿ ತಂಗುವುದಕ್ಕೆ ಸಂಬಂಧಿಸಿದ ಕಾಯಿದೆ 2011ರಲ್ಲಿ ಬಂದಿತು. 2023ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ನದಿದಂಡೆಗಳಲ್ಲಿಯೂ ಕಡಲ ತೀರಗಳಲ್ಲಿಯೂ ಪ್ರವಾಸಿಗರು ಬಿಟ್ಟುಹೋಗುತ್ತಿದ್ದ ಹೊಲಸಿನ ಬಗ್ಗೆ ಸ್ಥಳೀಯರು ವರ್ಷಗಳ ಕಾಲ ದೂರಿದುದೇ ಇದರ ಹಿನ್ನೆಲೆ. ವಾಹನ ‘ಸ್ವಯಂಪೂರ್ಣ’ವೆಂಬ ಪ್ರಮಾಣಪತ್ರ ಪಡೆಯಬೇಕಾದರೆ ತಲಾ ದಿನಕ್ಕೆ ಕನಿಷ್ಠ 4 ಲೀಟರಿನಂತೆ ಮೂರು ದಿನಗಳ ಶುದ್ಧ ನೀರು ಅದರಲ್ಲಿ ಹಿಡಿಯಬೇಕು. ಪಾತ್ರೆ ತೊಳೆದ ನೀರು ನೆಲಕ್ಕೆ ಬೀಳದೆ ಬೇರೊಂದು ತೊಟ್ಟಿಯಲ್ಲಿ ಸೇರಬೇಕು. ಹಾಸಿಗೆ ಹಾಸಿದ ಮೇಲೂ ಬಳಸಲು ಬರುವಂತಹ, ವಾಹನಕ್ಕೆ ಭದ್ರವಾಗಿ ಜೋಡಿಸಿದ ಶೌಚಾಲಯವಿರಬೇಕು. ಕಸಕ್ಕೆ ಮುಚ್ಚಳವಿರುವ ಡಬ್ಬಿ ಬೇಕು. ಪ್ರಮಾಣಪತ್ರವಿಲ್ಲದೆ ನಿಷೇಧವಿರುವಲ್ಲಿ ತಂಗಿದವರು ನೂರಾರು ಡಾಲರ್ ದಂಡ ತೆರಬೇಕು.

ನಾಲ್ವರ ಕುಟುಂಬಕ್ಕೆ ಈ ಲೆಕ್ಕದಲ್ಲಿ ದೊರೆಯುವುದು ಮೂರು ದಿನಕ್ಕೆ 48 ಲೀಟರ್, ಅಂದರೆ ಸುಮಾರು ಮೂರು ಬಾಲ್ದಿ ನೀರು. ದೊಡ್ಡ ವಾಹನಗಳ ತೊಟ್ಟಿ ಇದಕ್ಕಿಂತ ಹೆಚ್ಚು ಹಿಡಿಯುತ್ತದೆಯಾದರೂ, ನಲ್ಲಿಯನ್ನು ಸುಮ್ಮನೆ ತೆರೆದಿಡುವ ಅಭ್ಯಾಸ ಮೊದಲ ದಿನವೇ ತಪ್ಪುತ್ತದೆ. ತೊಟ್ಟಿ ತುಂಬಿದ ಮೇಲಿನ ಕೆಲಸ ಇನ್ನೂ ದೊಡ್ಡ ಪಾಠ. ಊರೂರಿನಲ್ಲಿರುವ ವಿಸರ್ಜನಾ ಕೇಂದ್ರಕ್ಕೆ ವಾಹನವನ್ನು ಒಯ್ದು, ಕೊಳವೆ ಜೋಡಿಸಿ ಮುಸುರೆ ನೀರನ್ನು ಇಳಿಸಬೇಕು. ಬಳಿಕ ವಾಹನದ ಪಕ್ಕದ ಸಣ್ಣ ಬಾಗಿಲನ್ನು ತೆರೆದು ಶೌಚದ ಪೆಟ್ಟಿಗೆಯನ್ನು ಹೊರಗೆಳೆದು, ಚರಂಡಿಗೆ ಬರಿದು ಮಾಡಿ, ತೊಳೆದು ಮರಳಿ ಜೋಡಿಸಬೇಕು. ಬಾಡಿಗೆ ತೆತ್ತವರು ಎಷ್ಟೇ ದೊಡ್ಡವರಾಗಿರಲಿ, ಈ ಕೆಲಸಕ್ಕೆ ಬೇರೆ ಆಳಿಲ್ಲ. ತಂದೆಯೋ ತಾಯಿಯೋ ಕೈಗವಸು ತೊಟ್ಟು ಮಾಡುತ್ತಾರೆ, ಮಕ್ಕಳು ನೋಡುತ್ತಾರೆ.

ಆ ನಾಡಿನ ಮೂಲನಿವಾಸಿಗಳಾದ ಮಾವೊರಿಗಳಿಗೆ ಈ ನಿಯಮದ ಹಿಂದಿನ ಭಾವ ಹೊಸದಲ್ಲ. ಊಟದ ಮೇಜಿನ ಮೇಲೆ ಕುಳಿತುಕೊಳ್ಳಬಾರದು, ಅಡುಗೆಯ ಬಟ್ಟೆಯನ್ನು ಮೈಬಟ್ಟೆಯೊಂದಿಗೆ ಒಗೆಯಬಾರದು ಎಂಬ ಕಟ್ಟಳೆಗಳು ಅವರ ಮನೆಗಳಲ್ಲಿವೆ. ಮನುಷ್ಯರ ಮಲಿನ ಹರಿಯುವ ನೀರನ್ನು ಸೇರುವುದು ಅವರ ದೃಷ್ಟಿಯಲ್ಲಿ ನೀರಿನ ಜೀವಕ್ಕೇ ಮಾಡಿದ ಅಪಚಾರ. ಎಂಜಲು, ಮುಸುರೆ ಎಂಬ ಮಾತುಗಳನ್ನು ಅಜ್ಜಿಯ ಬಾಯಿಂದ ಕೇಳುತ್ತ ಬೆಳೆದ ಕನ್ನಡದ ಮಕ್ಕಳಿಗೆ ಇದು ಅಪರಿಚಿತವೆನಿಸಲಾರದು.

ಇಂತಹ ವಾಹನಗಳು ಈಗ ನಮ್ಮ ರಸ್ತೆಗಳಿಗೂ ಬರುತ್ತಿವೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿತು. ರಾಜ್ಯದ ಮೊದಲ ಕ್ಯಾರವಾನ್ ಉದ್ಯಾನ 2022ರಲ್ಲಿ ಇಡುಕ್ಕಿ ಜಿಲ್ಲೆಯ ವಾಗಮಣ್ಣಿನಲ್ಲಿ ತೆರೆಯಿತು. ಬೇಕಲದ ಕೋಟೆ, ರಾಣಿಪುರದ ಬೆಟ್ಟ ಮೊದಲಾದವುಗಳಿರುವ ಕಾಸರಗೋಡಿನ ನೆಲಕ್ಕೂ ಅವು ಬರುವುದು ಸಹಜ. ಆದರೆ ಈ ನೆಲದ ಗುಣ ಬೇರೆ. ಇಲ್ಲಿನ ಗುಡ್ಡಗಳು ರಂಧ್ರಮಯವಾದ ಮುರಕಲ್ಲಿನವು. ಮೇಲೆ ಬಿದ್ದ ನೀರು ಒಳಗಿಳಿದು, ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಗಳಲ್ಲಿ ತೊಟ್ಟಿಕ್ಕುತ್ತದೆ. ಎಷ್ಟೋ ಮನೆಗಳ ಕುಡಿಯುವ ನೀರು, ಅಡಿಕೆ ತೋಟದ ನೀರು ಅದೇ. ಗುಡ್ಡದ ನೆತ್ತಿಯಲ್ಲಿ ಸೂರ್ಯಾಸ್ತ ನೋಡಲು ನಿಂತ ವಾಹನ ತನ್ನ ಮುಸುರೆಯನ್ನು ಅಲ್ಲೇ ಚೆಲ್ಲಿ ಹೊರಟರೆ, ಅದರ ಫಲವನ್ನು ಉಣ್ಣುವವರು ಕೆಳಗಿನ ಮನೆಯವರು.

ಆದುದರಿಂದ ವಾಹನವನ್ನು ಬಾಡಿಗೆಗೆ ಪಡೆಯುವ ಕುಟುಂಬ ಹಾಸಿಗೆ, ಫ್ರಿಜ್, ಟಿ.ವಿ.ಗಳ ವಿಚಾರಣೆಯ ಜೊತೆಗೆ ಮಾಲೀಕರಲ್ಲಿ ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಒಳಿತು: ಕೊಳಕು ನೀರಿನ ತೊಟ್ಟಿ ಎಷ್ಟು ಲೀಟರಿನದು? ಅದನ್ನು ಬರಿದು ಮಾಡಬೇಕಾದುದು ಎಲ್ಲಿ? ಎರಡನೆಯದಕ್ಕೆ ಊರಿನ ಹೆಸರು ಹೇಳಿ ಸ್ಪಷ್ಟ ಉತ್ತರ ದೊರೆತರೆ ಮಾತ್ರ ಮುಂಗಡ ಕೊಡಬಹುದು.