ಮರಳ ದಿಬ್ಬಕ್ಕೆ ಕಾರು ಹತ್ತಿಸುವ ಮುನ್ನ

ಹಬ್ಬದ ಮರುದಿನ ಮಕ್ಕಳನ್ನು ಕರೆದುಕೊಂಡು ಕಡಲ ತೀರಕ್ಕೆ ಹೋಗದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ನೀವೂ ಹೋಗಿರುತ್ತೀರಿ. ತೆರೆ ಬಂದು ಮುಟ್ಟುವ ಜಾಗದಿಂದ ತುಸು ಮೇಲೆ ಮರಳಿನ ದಿಬ್ಬ, ಅದರ ಮೇಲೆ ಹರಡಿದ ಬಳ್ಳಿ, ನೇರಳೆ ಹೂವು. ಎಲೆ ಆಡಿನ ಗೊರಸಿನಂತೆ ಸೀಳಿರುತ್ತದೆ. ಅಡಂಬು ಬಳ್ಳಿ ಎನ್ನುತ್ತಾರೆ. ನಾವು ಅದನ್ನು ತುಳಿದುಕೊಂಡೇ ನೀರಿನ ಕಡೆ ಓಡುತ್ತೇವೆ.

ಕೆಲವು ವರ್ಷಗಳ ಹಿಂದೆ ಸೋಮೇಶ್ವರ ಉಚ್ಚಿಲದ ಕಡೆ ಹೋಗಿದ್ದಾಗ ನನ್ನ ತಮ್ಮ ಕಾರನ್ನು ಆ ದಿಬ್ಬದ ಮೇಲೆಯೇ ಹತ್ತಿಸಿದ. ಬಿರಿಯಾನಿ ಪಾತ್ರೆ ಹೊರುವ ಕಷ್ಟ ತಪ್ಪಲಿ ಎಂದು ಹಾಗೆ ಮಾಡಲು ಹೇಳಿದವಳು ನಾನೇ. ಪಕ್ಕದ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಓಡಿ ಬಂದರು.

“ಅಲ್ಲಿಗೆ ಗಾಡಿ ತರಬೇಡ ಮಗಾ. ಆ ಬಳ್ಳಿ ಹೋದರೆ ಹೊಯಿಗೆ ಹೋಯಿತು, ಹೊಯಿಗೆ ಹೋದರೆ ನಮ್ಮ ಅಂಗಳ ಹೋಯಿತು.”

ಬಳ್ಳಿಗೂ ಅಂಗಳಕ್ಕೂ ಏನು ಸಂಬಂಧ ಎಂದು ಅಂದು ನನಗೆ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಗಾಳಿ ಒಣ ಮರಳನ್ನು ಹೊತ್ತು ತರುತ್ತದೆ. ಬಳ್ಳಿ ಅಡ್ಡ ಸಿಕ್ಕರೆ ಅಲ್ಲೇ ಉದುರಿಸುತ್ತದೆ. ಹೂತುಹೋದ ಬಳ್ಳಿ ಮತ್ತೆ ಮೇಲಕ್ಕೆ ಚಿಗುರುತ್ತದೆ, ಅದಕ್ಕೆ ಮತ್ತಷ್ಟು ಮರಳು ಸಿಕ್ಕಿಕೊಳ್ಳುತ್ತದೆ. ದಿಬ್ಬ ಬೆಳೆಯುವುದು ಹೀಗೆ, ವರ್ಷಗಟ್ಟಲೆ. ಮಳೆಗಾಲದಲ್ಲಿ ಕಡಲು ರೊಚ್ಚಿಗೆದ್ದಾಗ ದಿಬ್ಬದ ಮರಳನ್ನು ಎಳೆದೊಯ್ದು ಸ್ವಲ್ಪ ದೂರ ನೀರೊಳಗೆ ಹಾಸುತ್ತದೆ. ದೊಡ್ಡ ತೆರೆಗಳು ಅಲ್ಲೇ ಒಡೆದು ಸುಸ್ತಾಗುತ್ತವೆ. ಮಳೆ ಮುಗಿದ ಮೇಲೆ ಸಣ್ಣ ತೆರೆಗಳು ಆ ಮರಳನ್ನು ಮೆಲ್ಲಗೆ ದಡಕ್ಕೆ ತರುತ್ತವೆ. ಕಷ್ಟಕಾಲಕ್ಕೆಂದು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟ ಹಣವಿದ್ದಂತೆ ಈ ದಿಬ್ಬ.

ಇನ್ನೊಂದು ವಿಷಯ ನಾವು ಹೆಂಗಸರು ತಿಳಿದಿರಲೇಬೇಕು. ದಿಬ್ಬದೊಳಗೆ ಇಂಗಿದ ಮಳೆನೀರು ಉಪ್ಪುನೀರು ಒಳನುಗ್ಗದಂತೆ ಒತ್ತಿ ಹಿಡಿಯುತ್ತದೆ. ತೀರದ ಬಾವಿಗಳು ಸಿಹಿಯಾಗಿರುವುದಕ್ಕೆ ಅದರದ್ದೂ ಪಾಲಿದೆ. ಬಾವಿ ಉಪ್ಪಾದರೆ ಕೊಡ ಹಿಡಿದು ದೂರ ನಡೆಯುವವರು ಯಾರು, ನೀವೇ ಹೇಳಿ.

2004ರ ಡಿಸೆಂಬರ್ 26ರ ಸುನಾಮಿ ನಿಮಗೆ ನೆನಪಿರಬಹುದು. ಶ್ರೀಲಂಕಾದ ಯಾಲದಲ್ಲಿ ಒಂದು ಹೋಟೆಲಿನವರು ಕಡಲು ಚೆನ್ನಾಗಿ ಕಾಣಲೆಂದು ಎದುರಿನ ದಿಬ್ಬದ ಒಂದು ಭಾಗವನ್ನು ತೆಗೆಸಿದ್ದರು. ಆ ಹೋಟೆಲು ಪೂರ್ತಿ ನಾಶವಾಯಿತು. ಅಕ್ಕಪಕ್ಕದಲ್ಲಿ ದಿಬ್ಬ ಹಾಗೆಯೇ ಉಳಿದಿದ್ದ ಕಡೆಗಿಂತ ಅಲ್ಲಿ ನೀರು ಬಹಳ ಎತ್ತರಕ್ಕೆ ಏರಿತ್ತೆಂದು ಅಳತೆ ಮಾಡಲು ಹೋದ ವಿಜ್ಞಾನಿಗಳು ಬರೆದಿದ್ದಾರೆ.

ನಮ್ಮ ಉಳ್ಳಾಲದ ಕಥೆ ನಿಮಗೆ ಗೊತ್ತು. ಮಳೆಗಾಲ ಬಂದರೆ ತೆಂಗಿನ ಮರ, ಮನೆ ಕಡಲ ಪಾಲು. ಅದಕ್ಕೆ ದಿಬ್ಬ ಹಾಳಾದದ್ದೊಂದೇ ಕಾರಣ ಎಂದರೆ ತಪ್ಪಾದೀತು. ನೇತ್ರಾವತಿಯ ಮರಳು ಕಡಲು ಸೇರುವ ಮೊದಲೇ ಲಾರಿ ಸೇರುತ್ತದೆ. ನದಿಬಾಯಿಯ ಕಲ್ಲಿನ ದಂಡೆಗಳು ತೀರದುದ್ದಕ್ಕೂ ಸಾಗುವ ಮರಳನ್ನು ತಡೆಯುತ್ತವೆ. ಬಂಡೆ ಸುರಿದು ಗೋಡೆ ಕಟ್ಟಿದರೆ ಹಿಂದಿನ ಮನೆ ಉಳಿಯಬಹುದು, ಆದರೆ ಗೋಡೆಗೆ ಬಡಿದ ತೆರೆ ಮುಂದಿನ ಮರಳನ್ನು ಕೊರೆಯುತ್ತದೆ. ಗೋಡೆ ಮುಗಿಯುವಲ್ಲಿ ನೆರೆಯವರ ಅಂಗಳಕ್ಕೆ ಕೈ ಹಾಕುತ್ತದೆ.

ದಿಬ್ಬ ಸಮತಟ್ಟು ಮಾಡಬಾರದೆಂಬ ಕಾನೂನು 1991ರಿಂದಲೇ ಇದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ದಿಬ್ಬಗಳನ್ನು ಅತಿ ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿದೆ. ಜೆಸಿಬಿ ತರುವವರಿಗೆ ಅದು ಸಾಕು. ನನ್ನಂಥವರಿಗೆ? ಒಂದೇ ಕಡೆ ಜನ ಮತ್ತೆ ಮತ್ತೆ ಹತ್ತಿಳಿದರೂ ಸಾಕು, ಬಳ್ಳಿ ಸಾಯುತ್ತದೆ. ಆ ಬೋಳು ಜಾಗದಿಂದ ಗಾಳಿ ಮರಳನ್ನು ಹೊತ್ತೊಯ್ಯತೊಡಗುತ್ತದೆ. ತೀರ ಸ್ವಚ್ಛ ಮಾಡುತ್ತೇವೆಂದು ಬಳ್ಳಿಯನ್ನೇ ಕಿತ್ತು ರಾಶಿ ಹಾಕುವವರೂ ಇದ್ದಾರೆ. ಪ್ಲಾಸ್ಟಿಕ್ ಹೆಕ್ಕಿದರೆ ಬೇಕಾದಷ್ಟಾಯಿತು.

ಕಳೆದ ಹಬ್ಬಕ್ಕೆ ಮತ್ತೆ ಅಲ್ಲಿಗೇ ಹೋದೆವು. ಕಾರನ್ನು ಡಾಮರು ರಸ್ತೆಯಲ್ಲೇ ಬಿಟ್ಟು, ಮೊದಲೇ ಇದ್ದ ಕಾಲುದಾರಿಯಲ್ಲಿ ಇಳಿದೆವು. ಪಾತ್ರೆ ಹೊತ್ತ ತಮ್ಮ ಗೊಣಗುತ್ತಲೇ ಇದ್ದ. ದಿಬ್ಬದ ಮೇಲೆ ಯಾರದ್ದೋ ಗಾಡಿ ಹೋದ ಎರಡು ಗೆರೆಗಳಿದ್ದವು. ಒಂದಕ್ಕೆ ಬಳ್ಳಿ ಒಂದು ಗೇಣಿನಷ್ಟು ಹಬ್ಬಿತ್ತು. ಇನ್ನೊಂದು ಬೋಳಾಗಿಯೇ ಇತ್ತು.