ಬುಲ್‌ಬುಲ್‌ನ ಲೆಕ್ಕಪುಸ್ತಕ

ಕಳೆದ ರಂಜಾನ್‌ನ ಎರಡನೇ ದಿನ ಫಜ್ರ್ ನಮಾಜ್ ಮುಗಿಸಿ ವರಾಂಡಕ್ಕೆ ಬಂದೆ. ತೂಗುಕುಂಡದ ಮನಿಪ್ಲಾಂಟ್ ಬಳ್ಳಿಯಿಂದ ಬುಲ್‌ಬುಲ್ ಒಂದು ಪುರ್ರನೆ ಹಾರಿತು. ಇಣುಕಿದರೆ ಬಟ್ಟಲಿನಂಥ ಗೂಡು, ಅದರಲ್ಲಿ ಒಂದು ಮೊಟ್ಟೆ. ನಾಲ್ಕನೇ ದಿನಕ್ಕೆ ಮೂರಾದವು.

ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆಯ ಈ ಹಕ್ಕಿಗೆ ಕನ್ನಡದಲ್ಲಿ ಪಿಕಳಾರ ಎನ್ನುತ್ತಾರೆಂದು ಮೇಡಂ ಹೇಳಿದರು. ಶಾಯರಿಯಲ್ಲಿ ಹಾಡುವ ಬುಲ್‌ಬುಲ್ ಬೇರೆಯೇ, ಅದು ನೈಟಿಂಗೇಲ್ ಅಂತೆ. ದಾದಿ ಇದನ್ನು ಇವತ್ತಿಗೂ ಒಪ್ಪಿಲ್ಲ.

ತೊಂದರೆ ಶುರುವಾದದ್ದು ಪೇಂಟಿನಿಂದ. ಈದ್‌ಗೆ ಮನೆಗೆ ಬಣ್ಣ ಹೊಡೆಸಲು ಅಬ್ಬಾ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟಾಗಿತ್ತು. ರಂಜಾನ್ 20ಕ್ಕೆ ಕೆಲಸ. "ಗೂಡನ್ನು ಆಚೆ ಮರದಲ್ಲಿ ಇಟ್ಟರಾಯಿತು" ಎಂದರು.

ನಾನು ಅಕೌಂಟೆನ್ಸಿ ನೋಟ್‌ಬುಕ್‌ನ ಕೊನೆಯ ಹಾಳೆಗಳಲ್ಲಿ ಬರೆಯತೊಡಗಿದೆ. ದಿನ, ಸಮಯ, ವಿವರ. ಏಳನೇ ದಿನದ ಬರಹ ಬರೆಯಲು ನಾಚಿಕೆಯಾಯಿತು: ಫೋಟೋಗೆಂದು ಫ್ಲ್ಯಾಶ್ ಹಾಕಿದೆ, ತಾಯಿ 40 ನಿಮಿಷ ಬರಲಿಲ್ಲ. ಆಮೇಲೆ ಕಿಟಕಿಯ ಹಿಂದೆಯೇ ಕೂತೆ. 16ರಂದು ಮರಿಗಳು ಹೊರಬಂದವು. ಅಸರ್ ಆದಮೇಲೆ ಅರ್ಧ ಗಂಟೆಯಲ್ಲಿ 11 ಸಲ ಹುಳ ತಂದದ್ದನ್ನು ಎಣಿಸಿದೆ. ವಾಪಸ್ ಹೋಗುವಾಗ ಕೊಕ್ಕಿನಲ್ಲಿ ಬಿಳಿಯ ಉಂಡೆ. ಮಿಕ್ಕಿದ ಊಟ ಅಂದುಕೊಂಡಿದ್ದೆ. ಅದು ಮರಿಯ ಹಿಕ್ಕೆ, ಗೂಡು ಗಲೀಜಾಗದಂತೆ ಹೊರಗೆ ಎಸೆಯುತ್ತವೆ!

18ರ ರಾತ್ರಿ ತರಾವೀಹ್ ಮುಗಿಸಿ ಬಂದ ಅಬ್ಬಾನಿಗೆ, "ಇನ್ನು ಹತ್ತು ದಿನ ಸಾಕು, ಹಾರಿಬಿಡುತ್ತವೆ" ಎಂದೆ.

"ಹಿಸಾಬ್ ಬತಾ" ಎಂದರು.

ಅಂಗಡಿಯ ಉದ್ರಿ ಪುಸ್ತಕ ನೋಡುವಂತೆ ಒಂದೊಂದೇ ಹಾಳೆ ನೋಡಿದರು. ಏಳನೇ ದಿನದ್ದನ್ನು ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಮರುದಿನ ಪೇಂಟರ್‌ಗೆ ಫೋನ್ ಮಾಡಿ, ಒಳಗಿನ ಕೋಣೆಗಳಷ್ಟೇ ಸಾಕು ಎಂದರು. ವರಾಂಡಕ್ಕೆಂದು ಈದ್‌ಗೆ ಮೊದಲು ಮತ್ತೆ ಬರಲಾಗದು ಎಂದು ಆತ ಖಡಾಖಂಡಿತವಾಗಿ ಹೇಳಿದನಂತೆ.

23ರ ಬೆಳಿಗ್ಗೆ ಎರಡೇ ಮರಿ ಇದ್ದವು. ದಾದಿ ಕಾಗೆಯನ್ನು ಬೈದರು. ನಾನು ಕಣ್ಣಾರೆ ನೋಡಿರಲಿಲ್ಲ, ಹಾಗಾಗಿ "ಒಂದು ಕಡಿಮೆ" ಎಂದಷ್ಟೇ ಬರೆದೆ. ಆ ದಿನ ಬೇರೇನೂ ಬರೆಯಲಾಗಲಿಲ್ಲ.

28ರಂದು ಎರಡೂ ದಾಸವಾಳದ ಗಿಡಕ್ಕೆ ಕುಪ್ಪಳಿಸಿದವು. ಸಂಜೆಗೆ ಗೂಡು ಖಾಲಿ.

ಈದ್ ದಿನ ಶೀರ್‌ಖುರ್ಮಾ ಕುಡಿಯುತ್ತಾ ಎಲ್ಲರೂ ಕೇಳಿದ್ದು ಒಂದೇ: ಒಳಗೆಲ್ಲ ಹೊಸ ಬಣ್ಣ, ವರಾಂಡ ಮಾತ್ರ ಯಾಕೆ ಹೀಗೆ? ಅಬ್ಬಾ ಪ್ರತಿಯೊಬ್ಬರಿಗೂ ಗಂಭೀರವಾಗಿ ಹೇಳಿದರು, "ಬಾಡಿಗೆಯವರು ಖಾಲಿ ಮಾಡುವುದು ತಡವಾಯಿತು."