ತಲೆನೋವು ಹೇಗೆ ಬಂತು? ಡಾಕ್ಟರಿಗೆ ಮೊದಲು ಅದನ್ನೇ ಹೇಳಿ

ನಮ್ಮ ಕಡೆ ತಲೆನೋವಿಗೆ ಅಂತ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಬಿಸಿಲು, ಪಿತ್ತ, ನಿದ್ದೆಗೇಡು, ದೃಷ್ಟಿ ಅಂತ ಏನಾದರೂ ಒಂದು ಕಾರಣ ಸಿಗುತ್ತದೆ. ಅಂಗಡಿಯಲ್ಲಿ ಮಾತ್ರೆಯೂ ಸಿಗುತ್ತದೆ. ಬಹಳಷ್ಟು ಸಲ ಅಷ್ಟಕ್ಕೇ ವಾಸಿಯಾಗುತ್ತದೆ, ಸುಳ್ಳಲ್ಲ. ಆದರೆ ಹಾಗೆ ಬಿಡಬಾರದ ತಲೆನೋವು ಒಂದಿದೆ. ಅದೇನೆಂದು ನಮಗೆ ತಿಳಿದದ್ದು ಬೆಂಗಳೂರಿನ ಚಾಮರಾಜಪೇಟೆಯ ನೆಂಟರ ಮನೆಯಿಂದ ಆಸ್ಪತ್ರೆಗೆ ಮೂರು ವಾರ ಬುತ್ತಿ ಹೊತ್ತ ಮೇಲೆ.

ನಮ್ಮ ಚಿಕ್ಕಮ್ಮನಿಗೆ ಐವತ್ತೆರಡು ವರ್ಷ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವರು ತಲೆ ಹಿಡಿದು ಕೂತುಬಿಟ್ಟರು. "ಮರದಿಂದ ತೆಂಗಿನಕಾಯಿ ತಲೆ ಮೇಲೆ ಬಿದ್ದಂಗಾಯ್ತು ಕಣೋ" ಅಂದರು. ಎರಡು ಸಲ ವಾಂತಿಯಾಯಿತು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಾರನೆಯ ದಿನ ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಬೆಳಕು ನೋಡಲು ಆಗುತ್ತಿರಲಿಲ್ಲ. ಮೂರನೆಯ ದಿನ ಮತ್ತೊಮ್ಮೆ ಅದೇ ಏಟು, ಜೊತೆಗೆ ಫಿಟ್ಸು. 108ಕ್ಕೆ ಫೋನು ಮಾಡಿ ಬೆಂಗಳೂರಿಗೆ ತಂದೆವು.

ಅಲ್ಲಿ ಡ್ಯೂಟಿ ಡಾಕ್ಟರು ಕೇಳಿದ ಮೊದಲ ಮಾತು: "ನೋವು ನಿಧಾನಕ್ಕೆ ಏರಿತಾ, ಇಲ್ಲ ಒಂದೇ ಏಟಿಗೆ ಬಂತಾ?" ಮೂರು ದಿನದಲ್ಲಿ ಈ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿರಲಿಲ್ಲ.

ಕಾಯಿಲೆಯ ಹೆಸರು ಅನ್ಯೂರಿಸಂ. ಸವೆದ ಟೈರಿನ ಸಂದಿಯಲ್ಲಿ ಸೈಕಲ್ ಟ್ಯೂಬು ಉಬ್ಬಿ ಬರುವುದನ್ನು ನೀವು ನೋಡಿರುತ್ತೀರಿ. ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾದಾಗ ಹಾಗೆಯೇ ಉಬ್ಬುತ್ತದೆ. ಒಡೆದರೆ ಮಿದುಳಿನ ಸುತ್ತ ರಕ್ತ ಹರಡುತ್ತದೆ. ಒಮ್ಮೆ ಒಡೆದದ್ದು ಮತ್ತೆ ಒಡೆಯಬಹುದು, ಮೊದಲ 24 ಗಂಟೆಯಲ್ಲಿ ಆ ಅಪಾಯ ಬಹಳ ಹೆಚ್ಚು.

ಈ ಉಬ್ಬುಗಳಲ್ಲಿ ಬಗೆಗಳಿವೆ. ಹೆಚ್ಚಾಗಿ ಕಾಣುವುದು ಚೀಲದಂಥದ್ದು. ನಾಳ ಕವಲೊಡೆಯುವ ಕಡೆ ತೊಟ್ಟಿಗೆ ಹಣ್ಣು ಜೋತುಬಿದ್ದ ಹಾಗೆ ಇರುತ್ತದೆ. ಚಿಕ್ಕಮ್ಮನಿಗೆ ಇದ್ದದ್ದು ಇದೇ. ಎರಡನೆಯದು ಕದಿರಿನಂಥದ್ದು: ತೊಟ್ಟಿಲ್ಲ, ನಾಳವೇ ಸುತ್ತಲೂ ದಪ್ಪವಾಗುತ್ತದೆ. ಮೂರನೆಯದರಲ್ಲಿ ನಾಳದ ಒಳಪದರ ಸೀಳಿ ಪದರಗಳ ನಡುವೆ ರಕ್ತ ನುಗ್ಗುತ್ತದೆ. ನಾಲ್ಕನೆಯದು ಸೋಂಕಿನಿಂದ, ಅದರಲ್ಲೂ ಹೃದಯದ ಕವಾಟದ ಸೋಂಕು ರಕ್ತದ ಜೊತೆ ಮಿದುಳಿಗೆ ಹೋದಾಗ ಬರುವಂಥದ್ದು. ಅಳತೆಯೂ ಮುಖ್ಯ. 25 ಮಿಲಿಮೀಟರ್ ದಾಟಿದ್ದಕ್ಕೆ ದೈತ್ಯ ಅನ್ನುತ್ತಾರೆ. ಚಿಕ್ಕಮ್ಮನದು 6 ಮಿಲಿಮೀಟರ್, ಒಂದು ತೊಗರಿಕಾಳಿನಷ್ಟು.

ಇದನ್ನು ಕಂಡುಹಿಡಿಯಲು ಮೊದಲು ಮಾಡುವುದು ಮಾಮೂಲಿ ಸಿ.ಟಿ. ಸ್ಕ್ಯಾನ್. ಸೋರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನೋವು ಬಂದ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ಮಾಡಿಸಿದರೆ ತಪ್ಪಿಹೋಗುವುದು ಅಪರೂಪ. ದಿನ ಕಳೆದಂತೆ ಆ ಬಿಳುಪು ಮಾಸುತ್ತದೆ. ಹಾಗಾಗಿ ತಡವಾಗಿ ಮಾಡಿಸಿದ ಸ್ಕ್ಯಾನು ಚೆನ್ನಾಗಿದೆ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ಆಗ ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನುನೀರು ತೆಗೆದು, ರಕ್ತ ಕರಗಿದ ಹಳದಿ ಬಣ್ಣ ಇದೆಯೇ ಅಂತ ನೋಡುತ್ತಾರೆ. ಬೆನ್ನುನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಅಂತ ವಾರ್ಡಿನ ಹೊರಗೆ ಒಂದು ಕುಟುಂಬ ಸಹಿ ಹಾಕದೆ ಕೂತಿತ್ತು. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಮೇಲಿನ ಜಾಗಕ್ಕೆ ಅಂತ ನರ್ಸಮ್ಮ ತಮ್ಮ ಸೊಂಟವನ್ನೇ ಮುಟ್ಟಿ ತೋರಿಸಿದ ಮೇಲೆ ಒಪ್ಪಿದರು.

ಉಬ್ಬು ಎಲ್ಲಿದೆ, ಯಾವ ಬಗೆಯದು ಅಂತ ತಿಳಿಯಲು ಆಂಜಿಯೋಗ್ರಾಂ ಬೇಕು. ಕೈಯ ನರಕ್ಕೆ ಔಷಧಿ ಬಿಟ್ಟು ಸಿ.ಟಿ.ಯಲ್ಲಿ ತೆಗೆಯುವುದು ಒಂದು, ಎಂ.ಆರ್.ಐ. ಯಂತ್ರದಲ್ಲಿ ತೆಗೆಯುವುದು ಇನ್ನೊಂದು. ಎಲ್ಲಕ್ಕಿಂತ ಸ್ಪಷ್ಟವಾದದ್ದು ಡಿ.ಎಸ್.ಎ. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ತೆಳು ನಳಿಗೆ ಏರಿಸಿ ಚಿತ್ರ ತೆಗೆಯುತ್ತಾರೆ. "ತಲೆಗೆ ಕಾಯಿಲೆ, ತೊಡೆಗೆ ಯಾಕೆ ತೂತು?" ಅಂತ ಚಿಕ್ಕಪ್ಪ ಕೇಳಿದರು. "ಎಲ್ಲಾ ಒಂದೇ ಕೊಳವೆ ಸಾಲು ಯಜಮಾನ್ರೇ, ಎಲ್ಲಿಂದ ಬಿಟ್ಟರೂ ತಲುಪುತ್ತೆ" ಅಂದರು ಡಾಕ್ಟರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಈ ದಾರಿ ತೋರಿಸುವ ತನಕ, ಬದುಕಿದ್ದವರ ಮಿದುಳಿನ ರಕ್ತನಾಳಗಳನ್ನು ಹೀಗೆ ಚಿತ್ರದಲ್ಲಿ ನೋಡಲು ಆಗುತ್ತಿರಲಿಲ್ಲ.

ಚಿಕ್ಕಮ್ಮನ ಉಬ್ಬಿನ ತೊಟ್ಟಿಗೆ ತಲೆಬುರುಡೆ ತೆರೆದು ಲೋಹದ ಕ್ಲಿಪ್ ಹಾಕಿದರು. ಕೆಲವರಿಗೆ ನಳಿಗೆಯಿಂದಲೇ ತಂತಿಸುರುಳಿ ತುಂಬಿ ಮುಚ್ಚುತ್ತಾರೆ. ಜೀವ ಉಳಿಯಿತು. ಆದರೆ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಾರೆ, ಮೊಮ್ಮಗಳ ಹೆಸರು ತಡವರಿಸುತ್ತಾರೆ. ಮೊದಲ ದಿನವೇ ಬಂದಿದ್ದರೆ ಎರಡನೆಯ ಏಟು ತಪ್ಪುತ್ತಿತ್ತೇನೋ ಅಂತ ಚಿಕ್ಕಪ್ಪ ಈಗಲೂ ಹೇಳುತ್ತಾರೆ.

ಇದನ್ನು ಓದಿ ಪ್ರತಿ ತಲೆನೋವಿಗೂ ಹೆದರಬೇಡಿ. ನೂರು ಜನ ದೊಡ್ಡವರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆ. ಅದರಲ್ಲಿ ಹೆಚ್ಚಿನವು ಒಡೆಯುವುದೇ ಇಲ್ಲ. ಬಿ.ಪಿ. ಇರುವವರು, ಬೀಡಿ ಸಿಗರೇಟು ಸೇದುವವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೆ ಇದು ಆದವರು, ಕಿಡ್ನಿಯಲ್ಲಿ ನೀರುಗುಳ್ಳೆ ಬರುವ ವಂಶದ ಕಾಯಿಲೆ ಇರುವವರು ಮಾತ್ರ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು, ಕಣ್ಣಿನ ಪಾಪೆ ದೊಡ್ಡದಾದರೆ ಅದೇ ದಿನ ಹೋಗಿ. ಉಬ್ಬು ಒಡೆಯುವ ಮೊದಲೇ ನರವನ್ನು ಒತ್ತುತ್ತಿರಬಹುದು.

ಹುಟ್ಟಿದಾಗಿನಿಂದ ಕಾಣದಂಥ ತಲೆನೋವು ಕ್ಷಣದಲ್ಲಿ ಬಡಿದರೆ ಮಾತ್ರೆ ನುಂಗಿಸಿ ಮಲಗಿಸಬೇಡಿ. 108ಕ್ಕೆ ಫೋನು ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ಬಿ.ಪಿ.ಎಲ್. ಮತ್ತು ಆಯುಷ್ಮಾನ್ ಕಾರ್ಡು ಕೈಯಲ್ಲಿರಲಿ. ಡಾಕ್ಟರಿಗೆ "ತುಂಬಾ ತಲೆನೋವು ಸಾರ್" ಅಂದು ಸುಮ್ಮನಾಗಬೇಡಿ. ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ ಬಂತು, ಒಂದೇ ಏಟಿಗೆ ಬಂತಾ, ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ.